ಬಸ್ಸು ನಿಲ್ಲುವ ಜಾಗ

ನಮ್ಮ ಕಡೆ ಮದುವೆಯಾಗಿ ಗಂಡನ ಮನೆಗೆ ಹೊರಟ ಹುಡುಗಿಗೆ ಹಿರಿಯರು ಹೇಳುವ ಬುದ್ಧಿಮಾತು ಒಂದೇ: “ಹೊಂದಿಕೊಂಡು ಹೋಗು ಮಗಾ.” ಈ ಮಾತನ್ನು ಅತ್ತೆಗೆ ಯಾರಾದರೂ ಹೇಳಿದ್ದನ್ನು ನಾನು ಈ ಎಪ್ಪತ್ತು ವರ್ಷಗಳಲ್ಲಿ ಕೇಳಿಲ್ಲ. ಹೊಂದಿಕೊಳ್ಳುವುದು ಎಂದರೆ ಚಿಕ್ಕವರು ದೊಡ್ಡವರಿಗೆ, ಬಂದವರು ಇದ್ದವರಿಗೆ ಹೊಂದಿಕೊಳ್ಳುವುದು ಎಂದೇ ನಮ್ಮಲ್ಲಿ ಅರ್ಥ. 2023ರ ಮಳೆಗಾಲದಲ್ಲಿ ನಮ್ಮೂರಿನ ಸಾರಿಗೆ ಯೋಜನೆಯ ಕುರಿತು ಕರೆದ ಸಭೆಯಲ್ಲಿ ಈ ಶಬ್ದ ಮತ್ತೆ ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು ನನ್ನ ತಂಗಿಯ ಮದುವೆ. ಹಾಗೆ ನೆನಪಾಗಲು ಬೇರೆ ಕಾರಣವೂ ಇತ್ತು, ಮುಂದೆ ಹೇಳುತ್ತೇನೆ.

ನಮ್ಮೂರು ಎಂದರೆ ಮಂಗಳೂರಿಗೂ ಬೈಂದೂರಿಗೂ ನಡುವೆ ಹೆದ್ದಾರಿಯ ಮೇಲಿರುವ ಒಂದು ಸಣ್ಣ ಪೇಟೆ. ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಆ ಒಂದು ಊರಿನ ರಗಳೆ ಎಂದುಕೊಂಡು ಉಳಿದವರು ಪುಟ ತಿರುಗಿಸಿಬಿಡುತ್ತಾರೆ. ತಲಪಾಡಿಯಿಂದ ಶಿರೂರಿನವರೆಗೆ ಯಾವ ಊರಿನವರಾದರೂ ತಮ್ಮ ಊರಿನ ಹೆಸರು ಹಾಕಿ ಓದಿಕೊಳ್ಳಬಹುದು, ಹೆಚ್ಚು ತಿದ್ದುವ ಅಗತ್ಯ ಬೀಳದು.

ಸಭೆಗೆ ಒಬ್ಬ ಅಧಿಕಾರಿ ಬಂದಿದ್ದರು. ಯೋಜನೆ ಬರೆದುಕೊಡುವ ಗುತ್ತಿಗೆ ಹಿಡಿದ ಕಂಪೆನಿಯೊಂದರ ಇಬ್ಬರು ಹುಡುಗರೂ ಇದ್ದರು. ಗೋಡೆಯ ಮೇಲೆ ನಕ್ಷೆ ಮೂಡಿಸಿದರು. ಬಂದರು, ರೈಲು, ಹೆದ್ದಾರಿ, ಕೈಗಾರಿಕೆ ಎಂದು ಒಂದರ ಮೇಲೊಂದು ಬಣ್ಣದ ಪದರಗಳು. ಚೆನ್ನಾಗಿಯೇ ಇತ್ತು. ನಮ್ಮಂಥ ಹಿರಿಯ ನಾಗರಿಕರನ್ನು ಸಲಹೆ ಕೊಡಿ ಎಂದರು. ನಾನು ಚೀಟಿ ನೋಡಿ ಮೂರು ವಿಷಯ ಹೇಳಿದೆ. ಹಳೆಯ ಅಂಚೆ ಕಚೇರಿಯ ಎದುರು ಬಸ್ಸು ನಿಲ್ಲಲು ಒಂದು ಜಾಗ ಮತ್ತು ಒಂದು ಮಾಡು ಬೇಕು. ಜನ ನಡೆದು ರಸ್ತೆ ದಾಟಲು ಒಂದು ದಾರಿ ಬೇಕು. ರೈಲು ಬರುವ ಹೊತ್ತಿಗೆ ಸ್ಟೇಷನ್ನಿಗೆ ಒಂದು ಬಸ್ಸು ಬೇಕು. ಅಧಿಕಾರಿ ಸಭ್ಯರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ನಿಮ್ಮ ಬೇಡಿಕೆ ನ್ಯಾಯವಾದದ್ದೇ. ಆದರೆ ಸ್ಥಳೀಯ ಯೋಜನೆ ರಾಜ್ಯದ ನೀತಿಗೆ, ರಾಷ್ಟ್ರದ ನೀತಿಗೆ ಹೊಂದಿಕೊಂಡು ಇರಬೇಕಲ್ಲ ಮೇಸ್ಟ್ರೇ.”

ಬಸ್ಸು ನಿಲ್ಲುವ ಒಂದು ಜಾಗ ಯಾವ ರಾಷ್ಟ್ರನೀತಿಗೆ ಅಡ್ಡ ಬಂತು? ಈ ಲೇಖನ ಬರೆಯಲು ಕೂತದ್ದೇ ಆ ಪ್ರಶ್ನೆಯಿಂದ.

ನಾನು ಹುಡುಗನಾಗಿದ್ದಾಗ ನಮ್ಮೂರಿನ ಬಸ್ಸು ನಿಲ್ಲುತ್ತಿದ್ದದ್ದು ಅಂಚೆ ಕಚೇರಿಯ ಮುಂದಿನ ಅಶ್ವತ್ಥದ ಕಟ್ಟೆಯ ಬಳಿ. ಅದಕ್ಕೆ ಯಾರ ಅನುಮತಿಯೂ ಇದ್ದಂತೆ ಕಾಣೆ. ಅಲ್ಲಿ ನೆರಳಿತ್ತು, ಹೋಟೆಲಿತ್ತು, ಜನ ನಿಲ್ಲುತ್ತಿದ್ದರು, ಹಾಗಾಗಿ ಬಸ್ಸೂ ನಿಂತಿತು. ಮೀನಿನ ಬುಟ್ಟಿಯ ಹೆಂಗಸರಿಗೂ ಕಂಡಕ್ಟರಿಗೂ ದಿನಾ ನಡೆಯುವ ಜಗಳ ನೋಡಲೆಂದೇ ಕೆಲವರು ಕಟ್ಟೆಗೆ ಬಂದು ಕೂರುತ್ತಿದ್ದರು. ಆ ರಸ್ತೆಗೆ ಆಗ ರಾಷ್ಟ್ರೀಯ ಹೆದ್ದಾರಿ 17 ಎಂದು ಹೆಸರು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಹದಿನೇಳು ಅರವತ್ತಾರಾಯಿತು. ಅದೇ ಸುಮಾರಿಗೆ ಚತುಷ್ಪಥದ ಕೆಲಸವೂ ಶುರುವಾಯಿತು. ಅಶ್ವತ್ಥ ಹೋಯಿತು, ಕಟ್ಟೆ ಹೋಯಿತು, ಹೋಟೆಲಿನ ಅರ್ಧ ಹೋಯಿತು. ರಸ್ತೆಯ ನಡುವೆ ಎದೆಮಟ್ಟದ ಗಿಡಗಳ ವಿಭಜಕ ಬಂತು. ಅಂಚೆ ಕಚೇರಿ ಪಶ್ಚಿಮಕ್ಕೆ, ಹಾಲಿನ ಸೊಸೈಟಿ ಮತ್ತು ಶಾಲೆ ಪೂರ್ವಕ್ಕೆ. ವಾಹನದಲ್ಲಿ ಹೋಗುವವರು ಸುಮಾರು ಒಂದೂವರೆ ಕಿಲೋಮೀಟರು ಮುಂದೆ ಹೋಗಿ ತಿರುಗಿ ಬರಬೇಕು. ನಡೆದು ಹೋಗುವವರ ಬಗ್ಗೆ ನಕ್ಷೆಯಲ್ಲಿ ಏನೂ ಇರಲಿಲ್ಲ.

ನನ್ನ ತಂಗಿಯ ಗಂಡ ಹಾಲಿನ ಕ್ಯಾನು ಹಿಡಿದು ಹೋಗುವವರು. ನಲವತ್ತು ವರ್ಷ ದಾಟಿದ ಜಾಗದಲ್ಲೇ 2017ರ ಜುಲೈಯ ಒಂದು ಬೆಳಗಿನ ಜಾವ, ಮಳೆಯಲ್ಲಿ ದಾಟಿದರು. ಈಚೆ ಬರಲಿಲ್ಲ. ಲಾರಿಯ ಡ್ರೈವರನ ತಪ್ಪೆಂದು ನಾನು ಹೇಳಲಾರೆ. ಅಂಥ ರಸ್ತೆ ಕಟ್ಟಿಕೊಟ್ಟ ಮೇಲೆ ಅವನು ಅಷ್ಟು ವೇಗದಲ್ಲೇ ಬರುತ್ತಾನೆ, ಬರಲೆಂದೇ ಕಟ್ಟಿದ್ದು. ಕ್ಯಾನು ಮಾತ್ರ ವಿಭಜಕದ ಗಿಡಗಳ ನಡುವೆ ನೆಟ್ಟಗೆ ನಿಂತಿತ್ತು ಎಂದು ನೋಡಿದವರು ಹೇಳಿದರು.

ಆಮೇಲೆ ನಾವು ಕೆಲವರು ಅರ್ಜಿ ಹಿಡಿದು ಹೊರಟೆವು. ಆಗಲೇ ನನಗೆ “ಕಪ್ಪು ಚುಕ್ಕೆ” ಎಂಬ ಪದದ ಪರಿಚಯವಾದದ್ದು. ಹೆದ್ದಾರಿಯಲ್ಲಿ ಒಂದು ಜಾಗ ಅಪಾಯಕಾರಿ ಎಂದು ಕೇಂದ್ರದ ಸಾರಿಗೆ ಸಚಿವಾಲಯ ಒಪ್ಪಬೇಕಾದರೆ ಅದಕ್ಕೊಂದು ಲೆಕ್ಕವಿದೆ. ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯವಾದ 5 ಅಪಘಾತಗಳು ನಡೆದಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ನಮ್ಮಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಮೂರೇ ಅಪಘಾತ. ಅರ್ಜಿ ನೋಡಿದ ಗುಮಾಸ್ತರು ಪಾಪ, ನಮ್ಮ ಮೇಲೆ ನಿಜವಾದ ಕನಿಕರದಿಂದಲೇ, “ಇನ್ನೆರಡು ಕಡಿಮೆ ಬೀಳುತ್ತದಲ್ಲ” ಎಂದರು. ತಾವು ಏನು ಹೇಳಿದೆವೆಂದು ಅವರಿಗೆ ಹೊಳೆಯಿತೋ ಇಲ್ಲವೋ. ಪಕ್ಕದಲ್ಲಿ ನನ್ನ ತಂಗಿ ನಿಂತಿದ್ದಳು.

ಇದು ನಮ್ಮೂರಿನ ದುರದೃಷ್ಟ ಎಂದು ಸುಮ್ಮನಿರಬಹುದಿತ್ತು. ಆದರೆ ಸರಕಾರದ್ದೇ ಅಂಕಿ ಇದೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನಡೆದು ಹೋಗುತ್ತಿದ್ದವರೇ 32,825. ರಾಷ್ಟ್ರೀಯ ಹೆದ್ದಾರಿಗಳು ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ನೂರಕ್ಕೆ ಎರಡರಷ್ಟು. ಸಾವಿನಲ್ಲಿ ಅವುಗಳ ಪಾಲು ನೂರಕ್ಕೆ ಮೂವತ್ತಾರು. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ, ಹತ್ತು ವರ್ಷಗಳಲ್ಲಿ ರಸ್ತೆ ಸಾವುಗಳನ್ನು ಅರ್ಧಕ್ಕೆ ಇಳಿಸುತ್ತೇವೆಂಬ ಘೋಷಣೆಗೆ ನಾವೂ ದನಿಗೂಡಿಸಿ ಬಂದಿದ್ದೇವೆ. ಅದೂ ರಾಷ್ಟ್ರದ ನೀತಿಯೇ ಅಲ್ಲವೇ? ಅದಕ್ಕೆ ಹೊಂದಿಕೊಳ್ಳಬೇಕಾದವರು ಯಾರು?

ಸಭೆಯಿಂದ ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ. ಯಾವ ನೀತಿಗೆ ನಾವು ಹೊಂದಿಕೊಳ್ಳಬೇಕೋ ಆ ನೀತಿಗಳನ್ನೆಲ್ಲ ತರಿಸಿ ಓದಿದೆ. ನಿವೃತ್ತ ಮೇಸ್ಟ್ರಿಗೆ ಸಮಯಕ್ಕೇನು ಬರ. ಓದುತ್ತ ಹೋದ ಹಾಗೆ ನನ್ನ ಕೋಪ ಬೇರೆ ದಿಕ್ಕಿಗೆ ತಿರುಗಿತು. ಯಾಕೆಂದರೆ ಅವುಗಳಲ್ಲಿ ನಮ್ಮ ವಿರುದ್ಧ ಏನೂ ಇರಲಿಲ್ಲ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳೇ ರಸ್ತೆ ಇರುವುದು ವಾಹನಗಳಿಗಾಗಿ ಅಲ್ಲ, ಜನರಿಗಾಗಿ ಎಂಬುದು. ನಡೆಯುವವರಿಗೆ, ಸೈಕಲಿನವರಿಗೆ, ಬಸ್ಸಿನವರಿಗೆ ನ್ಯಾಯವಾದ ಪಾಲು ಸಿಗಬೇಕು ಎಂದು ಅದು ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 67ನೇ ಕಲಮು ನೋಡಿ. ಬಸ್ಸು ಲಾರಿಗಳ ಬಗ್ಗೆ ನಿರ್ದೇಶನ ಕೊಡುವಾಗ ರಾಜ್ಯ ಸರಕಾರ ಗಮನಿಸಬೇಕಾದ ಸಂಗತಿಗಳಲ್ಲಿ ರಸ್ತೆ ಮತ್ತು ರೈಲು ಸಾರಿಗೆಗಳ ಹೊಂದಾಣಿಕೆಯೂ ಒಂದು. ಅದೇ ಶಬ್ದ, ಹೊಂದಾಣಿಕೆ! ಈ ಕಾಳಜಿಯ ಬೇರು ಬ್ರಿಟಿಷರ ಕಾಲದ್ದು. ಬಸ್ಸುಗಳು ರೈಲಿನ ಗಿರಾಕಿಗಳನ್ನು ಕಿತ್ತುಕೊಳ್ಳುತ್ತಿವೆಯೆಂದು ಗಾಬರಿಯಾಗಿ ಮಿಚೆಲ್, ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳಿಂದ ಸರಕಾರ 1933ರಲ್ಲಿ ವರದಿ ಬರೆಯಿಸಿತ್ತು. ಅವರ ಚಿಂತೆ ರೈಲಿನ ಹಣದ್ದು. ಆದರೂ ಬಸ್ಸು ರೈಲು ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬ ಬುದ್ಧಿ ಅವರಿಗಿತ್ತು. ನಮಗೆ ತೊಂಬತ್ತು ವರ್ಷ ಕಳೆದರೂ ರೈಲು ಬರುವ ಹೊತ್ತಿಗೆ ಒಂದು ಬಸ್ಸು ಕಳಿಸಲು ಆಗಿಲ್ಲ.

ಇನ್ನು ಸಂವಿಧಾನ. 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯಲ್ಲಿ ಪುರಸಭೆ, ಪಟ್ಟಣ ಪಂಚಾಯತಿಗಳಿಗೆ ವಹಿಸಬಹುದಾದ ಹದಿನೆಂಟು ವಿಷಯಗಳಿವೆ. ಹದಿನೇಳನೆಯದು ಸಾರ್ವಜನಿಕ ಸೌಕರ್ಯಗಳು. ಅದರಲ್ಲಿ ಬೀದಿದೀಪ, ವಾಹನ ನಿಲ್ಲಿಸುವ ಜಾಗ, ಆಮೇಲೆ ಬಿಡಿಸಿಯೇ ಬರೆದಿದ್ದಾರೆ, ಬಸ್ ಸ್ಟಾಪ್. ನಾನು ಇದನ್ನು ಮೂರು ಸಲ ಓದಿದೆ. ಭಾರತದ ಸಂವಿಧಾನದಲ್ಲಿ ಬಸ್ ಸ್ಟಾಪ್ ಇದೆ ಮಾರಾಯರೇ! ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಪಟ್ಟಿಯಲ್ಲಿದೆ, ನಿಜ. ಹಾಗಾದರೆ ಹೆದ್ದಾರಿಯ ಮೇಲಿನ ಬಸ್ ಸ್ಟಾಪು ಯಾರದು? ಹೆದ್ದಾರಿಯವರನ್ನು ಕೇಳಿದರೆ ಪಂಚಾಯತಿಗೆ ಹೋಗಿ ಎನ್ನುತ್ತಾರೆ, ಪಂಚಾಯತಿಯವರು ಅದು ನಮ್ಮ ಜಾಗ ಅಲ್ಲ ಎನ್ನುತ್ತಾರೆ. ನೀತಿಗಳ ಹೊಂದಾಣಿಕೆ ಬೇಕಾದದ್ದು ಇಂಥ ಜಾಗದಲ್ಲಿ. ಜಿಲ್ಲಾ ಯೋಜನಾ ಸಮಿತಿಯೆಂದು ಅದೇ ಸಂವಿಧಾನ ಒಂದು ವ್ಯವಸ್ಥೆ ಮಾಡಿದೆ. ಪಂಚಾಯತಿ, ಪುರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳಿಸುವುದು ಅದರ ಕೆಲಸ. ಕೆಳಗಿನಿಂದ ಮೇಲಕ್ಕೆ! ನಾವು ಕಂಡ ಸಭೆಯಲ್ಲಿ ನೀರು ಹರಿದದ್ದು ಮೇಲಿನಿಂದ ಕೆಳಕ್ಕೆ.

ನಾನು ರಾಷ್ಟ್ರನೀತಿಯ ವಿರೋಧಿ ಅಲ್ಲ. ಪ್ರತಿ ಊರೂ ತನ್ನ ಇಚ್ಛೆಯಂತೆ ಹಳಿ ಹಾಕಿಕೊಂಡರೆ ರೈಲು ಓಡುವುದಿಲ್ಲ. 1992ರಲ್ಲಿ ದೇಶಕ್ಕೆಲ್ಲ ಒಂದೇ ಅಳತೆಯ ಹಳಿ ಎಂದು ಹೊರಟರು. ಸರಿಯಾದದ್ದೇ. ಆದರೆ ಅದಕ್ಕೆ ನಾವು ತೆತ್ತ ಬೆಲೆ ಯಾರ ಲೆಕ್ಕದಲ್ಲೂ ಇಲ್ಲ. ಹಾಸನ ಮಂಗಳೂರು ನಡುವಿನ ಮೀಟರ್ ಗೇಜ್ ದಾರಿ, 57 ಸುರಂಗಗಳ ಆ ಘಟ್ಟದ ದಾರಿ, ಮುಗಿದದ್ದು 1979ರಲ್ಲಿ. ಹದಿನೈದು ಹದಿನೇಳು ವರ್ಷ ಓಡಿತೋ ಇಲ್ಲವೋ, ಹಳಿ ಅಗಲ ಮಾಡಬೇಕೆಂದು ಮುಚ್ಚಿದರು. ಅಗಲವಾದ ಹಳಿಯ ಮೇಲೆ ಮೊದಲು ಹತ್ತಿದ್ದು ಸರಕು, 2006ರಲ್ಲಿ. ಪ್ರಯಾಣಿಕರ ಸರದಿ ಬಂದದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹತ್ತು ಹನ್ನೊಂದು ಮಳೆಗಾಲ ನಾವು ಶಿರಾಡಿಯ ಕೆಸರಿನಲ್ಲಿ ರಾತ್ರಿಬಸ್ಸಿನೊಳಗೆ ಕೂತು ಬೆಳಗು ಮಾಡಿದೆವು. ಇಡೀ ರಾಷ್ಟ್ರಕ್ಕಾಗಿ ಒಂದು ಜಿಲ್ಲೆ ಹತ್ತು ವರ್ಷ ಕಾಯಿತು. ಒಂದು ಜಿಲ್ಲೆಗಾಗಿ ರಾಷ್ಟ್ರ ಹತ್ತು ನಿಮಿಷ ಕಾದ ಉದಾಹರಣೆ ಇದ್ದರೆ ಯಾರಾದರೂ ತಿಳಿಸಬೇಕು.

ಕೊಂಕಣ ರೈಲ್ವೆಯದ್ದು ಇನ್ನೊಂದು ಕತೆ. 1998ರ ಜನವರಿಯಲ್ಲಿ ಅದು ಪೂರ್ತಿಯಾಗಿ ತೆರೆದಾಗ ನಾವೆಲ್ಲ ಹೂವು ಹಿಡಿದು ನಿಂತವರೇ. ಮುಂಬೈಗೆ ಒಂದು ರಾತ್ರಿಯ ಹಾದಿ ಎಂದರೆ ನಮ್ಮ ಕಡೆಯವರಿಗೆ ಸ್ವರ್ಗ ಕೆಳಗಿಳಿದ ಹಾಗೆ. ಆದರೆ ಉಡುಪಿಯ ಸ್ಟೇಷನ್ನು ಇಂದ್ರಾಳಿಯಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ. ನಮ್ಮದೂ ಹಾಗೆಯೇ, ಪೇಟೆಯಿಂದ ದೂರ, ಗದ್ದೆಗಳ ಆಚೆ. ಮುಂಬೈಗೆ ಹೋಗುವವನಿಗೆ ನೂರೈವತ್ತು ರೂಪಾಯಿಯ ರಿಕ್ಷಾ ಹೊರೆಯಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗಿ ಸಂಜೆ ಬರುವವನಿಗೆ ಟಿಕೆಟ್ಟಿಗಿಂತ ರಿಕ್ಷಾದ ಬಾಡಿಗೆಯೇ ಹೆಚ್ಚು. ಇನ್ನು ಉಡುಪಿಯಿಂದ ಮಂಗಳೂರು ಮೂಲಕ ಪುತ್ತೂರಿಗೆ ಒಬ್ಬ ಹುಡುಗ ರೈಲಿನಲ್ಲಿ ಹೋಗುವನೆಂದರೆ ಅವನು ನವಿ ಮುಂಬೈ, ಚೆನ್ನೈ, ಹುಬ್ಬಳ್ಳಿ ಹೀಗೆ ಮೂರು ಕಡೆ ಕೇಂದ್ರ ಕಚೇರಿ ಇರುವ ಮೂರು ರೈಲ್ವೆಗಳನ್ನು ದಾಟಬೇಕು. ಕೊಂಕಣ ರೈಲ್ವೆ, ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ, ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಈ ಮೂವರ ವೇಳಾಪಟ್ಟಿ ಒಂದಕ್ಕೊಂದು ಹೊಂದುವಂತೆ ಯಾರಾದರೂ ಇವರಿಗೆ ಬುದ್ಧಿ ಹೇಳುತ್ತಾರೆಯೇ? ಕೊಂಕಣ ರೈಲ್ವೆ 1999ರಿಂದ ಸರಕು ತುಂಬಿದ ಲಾರಿಗಳನ್ನೇ ಗಾಡಿಯ ಮೇಲೆ ಹತ್ತಿಸಿ ಕೊಂಡೊಯ್ಯುತ್ತದೆ. ಸುರತ್ಕಲ್ಲಿನಲ್ಲಿ ಲಾರಿ ಹತ್ತುತ್ತದೆ, ಕೋಲಾಡಿನಲ್ಲಿ ಇಳಿಯುತ್ತದೆ. ಒಳ್ಳೆಯ ಯೋಜನೆ, ಡೀಸೆಲ್ ಉಳಿಯುತ್ತದೆ. ಲಾರಿಗೆ ಸಿಕ್ಕ ಆ ಮರ್ಯಾದೆ ಕಾಲೇಜಿಗೆ ಹೋಗುವ ಹುಡುಗಿಗೆ ಸಿಗಲಿಲ್ಲ ಎಂಬುದಷ್ಟೇ ನನ್ನ ದೂರು. ಕೊರೋನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಓಡತೊಡಗಿದಾಗ ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತು ಬಂದವು. ವೇಗ ಅದೇ, ಕನಿಷ್ಠ ಟಿಕೆಟ್ಟು ಮಾತ್ರ ಹತ್ತರಿಂದ ಮೂವತ್ತು ರೂಪಾಯಿ. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಸಣ್ಣ ಸ್ಟೇಷನ್ನುಗಳಲ್ಲಿ ಹತ್ತುವ ಅಭ್ಯಾಸವೇ ಎಷ್ಟೋ ಜನರಿಗೆ ತಪ್ಪಿಹೋಗಿತ್ತು.

ಕೇಂದ್ರವನ್ನಷ್ಟೇ ಬೈದರೆ ಪಕ್ಷಪಾತವಾದೀತು. ರಾಜ್ಯದ್ದೂ ಒಂದು ಮಾತು. 2023ರ ಜೂನ್ 11ರಿಂದ ನಮ್ಮ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಶಕ್ತಿ ಯೋಜನೆಯನ್ನು ಹೀಯಾಳಿಸುವವರ ಸಾಲಿಗೆ ನಾನು ಸೇರಿದವನಲ್ಲ. ಗಂಡನ ಕಿಸೆಯತ್ತ ನೋಡದೆ ಮನೆಯಿಂದ ಹೊರಬೀಳುವ ಹೆಣ್ಣಿಗೆ ಅದು ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಆದರೆ ಯೋಜನೆ ಬರೆದವರ ಕಣ್ಣಮುಂದೆ ಇದ್ದದ್ದು ಸರಕಾರಿ ಬಸ್ಸು ಓಡಾಡುವ ಕರ್ನಾಟಕ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಬಹುಪಾಲು ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಇದು ಇಂದು ನಿನ್ನೆಯದಲ್ಲ, ಕಳೆದ ಶತಮಾನದ ಆರಂಭದ ದಶಕಗಳಿಂದಲೇ ಇಲ್ಲಿ ಬಸ್ಸು ಕಂಪೆನಿಗಳು ಬೆಳೆದವು. ನಮ್ಮ ಮನೆಯ ಹಿಂದೆ ಬೀಡಿ ಕಟ್ಟುವ ಒಬ್ಬಳಿದ್ದಾಳೆ. ಬ್ರಾಂಚಿಗೆ ಬೀಡಿ ಕೊಡಲು ಹೋಗುವಾಗ ದುಡ್ಡು ಕೊಟ್ಟೇ ಬಸ್ಸು ಹತ್ತುತ್ತಾಳೆ. “ಶಕ್ತಿ ಟೀವಿಯಲ್ಲಿ ಬರುತ್ತದೆ, ನಮ್ಮ ರಸ್ತೆಯಲ್ಲಿ ಬರುವುದಿಲ್ಲ” ಎಂದು ಒಮ್ಮೆ ಹೇಳಿದಳು. ಜಿಲ್ಲೆಗೆ ತಕ್ಕಂತೆ ನೀತಿಯನ್ನು ಒಂದಿಷ್ಟು ತಿದ್ದುವುದು ಅಸಾಧ್ಯವೇನಲ್ಲ. ಇಲ್ಲಿಯ ದಾರಿಗಳಿಗೆ ಹೆಚ್ಚು ಸರಕಾರಿ ಬಸ್ಸು ಹಾಕಬಹುದು, ಇಲ್ಲವೇ ಖಾಸಗಿಯವರಿಗೆ ಆ ಹಣ ತುಂಬಿಕೊಡಬಹುದು. ಎರಡಕ್ಕೂ ಖರ್ಚಿದೆ, ಗೊತ್ತು. ಉಳಿದ ಜಿಲ್ಲೆಗಳ ಹೆಂಗಸರಿಗಾಗಿ ಮಾಡುವುದೂ ಖರ್ಚೇ.

ನಮ್ಮ ಬಟ್ಟಲಿನ ನೊಣವನ್ನೂ ತೆಗೆದು ತೋರಿಸಬೇಕು. ಹೆದ್ದಾರಿ ಅಗಲವಾಗುವಾಗ, ಜಾಗ ಕೊಡುವುದಿಲ್ಲ, ಅಗಲ ಕಡಿಮೆ ಮಾಡಿ ಎಂದು ಧರಣಿ ಕೂತವರು ನಾವೇ. ಆ ಶಾಮಿಯಾನದ ಕೆಳಗೆ ನಾನೂ ಭಾಷಣ ಮಾಡಿದ್ದೇನೆ. ಅಗಲ ಕಡಿಮೆಯಾಯಿತು. ಸರ್ವಿಸ್ ರಸ್ತೆಗೆ ಜಾಗವಿಲ್ಲದೆ ಹೋಯಿತು. ಅಂಗಡಿಗಳು ಉಳಿದವು, ನಡೆಯುವ ದಾರಿ ಉಳಿಯಲಿಲ್ಲ. ಇನ್ನು ನಮ್ಮ ಖಾಸಗಿ ಬಸ್ಸುಗಳು ಎರಡು ನಿಮಿಷದ ಟೈಮಿಂಗಿಗಾಗಿ ನಡೆಸುವ ಓಟ! ಮುಂದಿನ ಬಸ್ಸಿನ ಗಿರಾಕಿಯನ್ನು ಕಸಿಯಲು ಮುದುಕಿಯರನ್ನು ಚಲಿಸುವ ಬಸ್ಸಿಗೆ ಎಳೆದುಕೊಳ್ಳುತ್ತಾರೆ. ಅದನ್ನು ತಪ್ಪೆನ್ನುವ ಸ್ಥಳೀಯ ಯೋಜನೆಯನ್ನು ನಾವು ಈತನಕ ಬರೆದವರಲ್ಲ.

ಹಾಗಾದರೆ ಏನು ಮಾಡಬೇಕೆಂದು ಕೇಳುವವರಿಗೆ ನಾನು ಸುರತ್ಕಲ್ಲನ್ನು ತೋರಿಸುತ್ತೇನೆ. ಎನ್‌ಐಟಿಕೆ ಬಳಿ ತಾತ್ಕಾಲಿಕವೆಂದು ಶುರುವಾದ ಟೋಲ್ ಗೇಟು ವರ್ಷಗಟ್ಟಲೆ ಅಲ್ಲೇ ಬೇರು ಬಿಟ್ಟಿತು. ಜನ ಏನು ಹೇಳಿದರು? ನಿಮ್ಮದೇ 2008ರ ನಿಯಮದಂತೆ ಒಂದು ಟೋಲಿಗೂ ಇನ್ನೊಂದಕ್ಕೂ ಸಾಮಾನ್ಯವಾಗಿ 60 ಕಿಲೋಮೀಟರು ಅಂತರ ಇರಬೇಕು, ಹೆಜಮಾಡಿಗೆ ಇಲ್ಲಿಂದ ಇಪ್ಪತ್ತೂ ಇಲ್ಲ ಎಂದರು. ಧರಣಿ, ಮೆರವಣಿಗೆ, ಬಂಧನ ಎಲ್ಲವೂ ಆಯಿತು. 2022ರ ಡಿಸೆಂಬರ್ 1ರಿಂದ ಅಲ್ಲಿಯ ವಸೂಲಿ ನಿಂತಿತು. ಹೆಜಮಾಡಿಯಲ್ಲಿ ಆ ಹಣವನ್ನೂ ಸೇರಿಸಿ ಕೇಳಲು ಹೊರಟದ್ದು ಬೇರೆ ಮಾತು. ನನಗೆ ಮುಖ್ಯವಾಗಿ ಕಾಣುವುದು, ಆ ಜನ ರಾಷ್ಟ್ರದ ನಿಯಮವನ್ನು ಧಿಕ್ಕರಿಸಲಿಲ್ಲ; ರಾಷ್ಟ್ರದ ನಿಯಮಕ್ಕೆ ಹೊಂದಿಕೊಳ್ಳಿ ಎಂದು ರಾಷ್ಟ್ರದವರಿಗೇ ಹೇಳಿದರು.

ನಾವೂ ಅದನ್ನೇ ಮಾಡಿದೆವು. ಸ್ಥಳೀಯ ಯೋಜನೆಯ ಕರಡಿನಲ್ಲಿ ನಮ್ಮ ಮೂರು ಬೇಡಿಕೆಗಳನ್ನು ಬೇಡಿಕೆಗಳೆಂದು ಬರೆಯಲಿಲ್ಲ. ಬಸ್ಸಿನ ಜಾಗದ ಎದುರು 12ನೇ ಅನುಸೂಚಿಯ 17ನೇ ವಿಷಯ, ರಸ್ತೆ ದಾಟುವ ದಾರಿಯ ಎದುರು 2006ರ ನೀತಿ ಮತ್ತು ಸ್ಟಾಕ್‌ಹೋಮಿನ ಮಾತು, ಸ್ಟೇಷನ್ ಬಸ್ಸಿನ ಎದುರು 67ನೇ ಕಲಮು ಎಂದು ಬರೆದೆವು. ಹೆದ್ದಾರಿಯೇ ಈ ನೀತಿಗಳಿಗೆ ಹೊಂದಿಲ್ಲ, ಹೊಂದಿಸಿಕೊಡಬೇಕು ಎಂದು ಕೆಳಗೆ ಸೇರಿಸಿದೆವು. ಕಂಪೆನಿಯ ಹುಡುಗರಲ್ಲಿ ಒಬ್ಬ ಓದಿ ನಕ್ಕ. ಕುಹಕದ ನಗೆಯಲ್ಲ, ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರ ಬರೆಯಲು ಮರೆತವನ ನಗೆ.

ಹೋದ ತಿಂಗಳು ಮತ್ತೊಂದು ಸಭೆಯಾಯಿತು. ಅಧಿಕಾರಿ ಬೇರೆಯವರು. ಹಿಂದಿನ ಕಡತ ಅವರಿಗೆ ಸಿಕ್ಕಿರಲಿಲ್ಲ. ನಾನು ಕೈಚೀಲದಿಂದ 12ನೇ ಅನುಸೂಚಿಯ ಪುಟ ತೆಗೆದು ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ, “ಇದು ಹೌದಲ್ಲ. ನನಗೊಂದು ಪ್ರತಿ ಕೊಡಿ” ಎಂದರು. ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಕೊಟ್ಟೆ, ಎರಡು ರೂಪಾಯಿ. ಅಂಗಡಿ ರಸ್ತೆಯ ಆಚೆ ಬದಿಗಿತ್ತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ವಿಭಜಕದ ಗಿಡಗಳನ್ನು ಸರಿಸಿಕೊಂಡು ದಾಟಿದೆ.